ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೋ ವಿಮಾನ: ದೂರ ಒಂದೇ ಆಗಿದ್ದರೂ ಹೋಗುವ ಸಮಯ, ಬರುವ ಸಮಯ ಬೇರೆ ಬೇರೆ ಏಕೆ?

ತೀರ್ಥಹಳ್ಳಿಯ ಓದುಗ:

ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಎಷ್ಟು ದೂರ ಎಂದು ಎಲ್ಲಿ ಹುಡುಕಿದರೂ ಸುಮಾರು 13,990 ಕಿಲೋಮೀಟರ್ ಎಂಬ ಒಂದೇ ಉತ್ತರ ಸಿಗುತ್ತದೆ. ವಿಮಾನದ ವೇಗ ಗಂಟೆಗೆ 900 ಕಿ.ಮೀ. ಎಂದು ಹಿಡಿದರೆ ಇದು ಹದಿನೈದೂವರೆ ಗಂಟೆಯ ದಾರಿ. ಆದರೆ ನಾನು ನೋಡಿದ ನೇರ ವಿಮಾನದ ವೇಳಾಪಟ್ಟಿಯಲ್ಲಿ ಹೋಗುವುದಕ್ಕೆ ಸುಮಾರು ಹದಿನಾರು ಗಂಟೆಯೂ ಬರುವುದಕ್ಕೆ ಸುಮಾರು ಹದಿನೇಳೂವರೆ ಗಂಟೆಯೂ ಇತ್ತು. ಅಲ್ಲಿಂದ ಬಂದ ಪರಿಚಿತರೊಬ್ಬರು ತಮ್ಮ ವಿಮಾನ ಉತ್ತರ ಧ್ರುವದ ಹತ್ತಿರ ಹಾದು ಬಂತು ಎನ್ನುತ್ತಾರೆ. ಹೋಗುವಾಗ ಮಾತ್ರ ಮುಂದಿನ ಪರದೆಯ ನಕ್ಷೆಯಲ್ಲಿ ಜಪಾನ್ ಕಂಡಿತಂತೆ. ಎರಡು ಊರುಗಳ ನಡುವಿನ ದೂರ ಒಂದೇ ಆಗಿರುವಾಗ ದಾರಿ ಏಕೆ ಬದಲಾಗುತ್ತದೆ, ಸಮಯ ಏಕೆ ಬದಲಾಗುತ್ತದೆ ಎಂಬುದನ್ನು ತಿಳಿದವರು ವಿವರಿಸಬೇಕೆಂದು ವಿನಂತಿ.

ಕೇಳುತ್ತಿರುವುದಕ್ಕೆ ಕಾರಣವೂ ಇದೆ. ಎಪ್ಪತ್ತು ದಾಟಿದ ಅಪ್ಪ, ಅಮ್ಮ ಇಬ್ಬರೂ ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಫ್ರೀಮಾಂಟ್‌ನಲ್ಲಿರುವ ತಂಗಿಯ ಮನೆಗೆ ಹೊರಟಿದ್ದಾರೆ. ಟಿಕೆಟ್ ಏಜೆಂಟರು ದುಬೈ ಮೂಲಕ ಹೋದರೆ ಅಗ್ಗ, ಸಮಯದಲ್ಲಿ ಅಂತಹ ವ್ಯತ್ಯಾಸವೇನೂ ಇಲ್ಲ ಎನ್ನುತ್ತಿದ್ದಾರೆ. ಈ ಮಾತನ್ನು ಎಷ್ಟರ ಮಟ್ಟಿಗೆ ನಂಬಬಹುದು?

ಭೂಗೋಳದ ಮೇಷ್ಟ್ರು:

ಮೊದಲು ದೂರದ ಲೆಕ್ಕವನ್ನು ನೋಡೋಣ, ಏಕೆಂದರೆ ಇಡೀ ಪ್ರಶ್ನೆಯಲ್ಲಿ ಎಂದೂ ಬದಲಾಗದ ಅಂಶ ಅದೊಂದೇ. ನಿಮಗೆ ಸಿಕ್ಕಿರುವ 13,990 ಕಿ.ಮೀ. ಎಂಬುದು ಯಾವ ವಿಮಾನವೂ ಹಾರಿದ ದೂರವಲ್ಲ. ಭೂಗೋಳದ ಮೇಲೆ ಈ ಎರಡು ಬಿಂದುಗಳನ್ನು ಜೋಡಿಸುವ ಅತಿ ಚಿಕ್ಕ ಗೆರೆಯ ಉದ್ದ. ಇದನ್ನು ಮಹಾವೃತ್ತದ ದೂರ ಎನ್ನುತ್ತಾರೆ. ಬೆಂಗಳೂರು ನಿಲ್ದಾಣ ಸುಮಾರು 13.2 ಡಿಗ್ರಿ ಉತ್ತರ ಅಕ್ಷಾಂಶ, 77.7 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ಸ್ಯಾನ್ ಫ್ರಾನ್ಸಿಸ್ಕೋ ನಿಲ್ದಾಣ 37.6 ಡಿಗ್ರಿ ಉತ್ತರ, 122.4 ಡಿಗ್ರಿ ಪಶ್ಚಿಮದಲ್ಲಿದೆ. ಪೂರ್ವದಿಕ್ಕಿನಲ್ಲಿ ಹೋದರೆ ಇವೆರಡರ ನಡುವೆ ರೇಖಾಂಶದಲ್ಲಿ ಸುಮಾರು 160 ಡಿಗ್ರಿ ವ್ಯತ್ಯಾಸ, ಅಂದರೆ ಬಹುತೇಕ ಭೂಮಿಯ ಆಚೆ ಮಗ್ಗುಲು. ಗೋಳದ ಮೇಲಿನ ತ್ರಿಕೋನಮಿತಿಯಲ್ಲಿ ಲೆಕ್ಕ ಹಾಕಿದರೆ ಭೂಮಿಯ ಕೇಂದ್ರದಲ್ಲಿ ಈ ಎರಡು ಸ್ಥಳಗಳ ನಡುವಿನ ಕೋನ 125.8 ಡಿಗ್ರಿ ಬರುತ್ತದೆ. ಒಂದು ಡಿಗ್ರಿಗೆ 111.2 ಕಿ.ಮೀ.ನಂತೆ ಗುಣಿಸಿದರೆ ನಿಮ್ಮ ಸಂಖ್ಯೆ ಸಿಗುತ್ತದೆ.

ಮನೆಯಲ್ಲಿ ಗ್ಲೋಬ್ ಇದ್ದರೆ ಒಂದು ದಾರವನ್ನು ಎರಡೂ ಊರುಗಳ ಮೇಲೆ ಬಿಗಿಯಾಗಿ ಎಳೆದು ಹಿಡಿಯಿರಿ. ಗೋಡೆಯ ಮೇಲಿನ ಚಪ್ಪಟೆ ನಕ್ಷೆ ನೋಡಿ ಅಭ್ಯಾಸವಾದವರು ದಾರ ಪೆಸಿಫಿಕ್ ಸಾಗರದ ನಡುವೆ ಹೋಗುತ್ತದೆಂದು ನಿರೀಕ್ಷಿಸುತ್ತಾರೆ. ಆದರೆ ದಾರ ಬೆಂಗಳೂರಿನಿಂದ ಉತ್ತರಕ್ಕೆ, ತುಸು ಪೂರ್ವಕ್ಕೆ ವಾಲಿ ಏರುತ್ತದೆ. ನೇಪಾಳದ ಪೋಖರಾ ಆಸುಪಾಸಿನಲ್ಲಿ ಹಿಮಾಲಯ ದಾಟಿ, ಟಿಬೆಟ್, ಪಶ್ಚಿಮ ಮಂಗೋಲಿಯಾ, ಬೈಕಲ್ ಸರೋವರದ ಪಶ್ಚಿಮದ ಸೈಬೀರಿಯಾ ಹಾದು, ರಷ್ಯಾದ ಈಶಾನ್ಯ ತುದಿಯ ಹಿಮಸಾಗರದ ಅಂಚಿನಲ್ಲಿ ಸುಮಾರು 71 ಡಿಗ್ರಿ ಅಕ್ಷಾಂಶದವರೆಗೆ ಏರುತ್ತದೆ. ಅಲ್ಲಿಂದ ಇಳಿಯತೊಡಗಿ, ಅಲಾಸ್ಕಾದ ಡೆನಾಲಿ ಪರ್ವತದ ಸಮೀಪ ಹಾದು, ಸಾಗರದ ಅಂಚಿನಗುಂಟ ಕ್ಯಾಲಿಫೋರ್ನಿಯಾ ತಲುಪುತ್ತದೆ. ಪೋಖರಾ ಬಳಿಯ ಅನ್ನಪೂರ್ಣಾ ಪರ್ವತ ಮತ್ತು ಡೆನಾಲಿ ಎರಡೂ ಈ ಒಂದೇ ಗೆರೆಯ ಪಕ್ಕದಲ್ಲಿ ಬರುತ್ತವೆ ಎಂಬುದು ನನಗಂತೂ ಪ್ರತಿ ಸಲವೂ ಸೋಜಿಗ ಹುಟ್ಟಿಸುವ ಸಂಗತಿ.

ಹಳೆಯ ಸದಸ್ಯ, ದಾವಣಗೆರೆ:

ಮೇಷ್ಟ್ರೇ, ಒಂದು ಅನುಮಾನ. ಏರ್ ಇಂಡಿಯಾದ ಮೊದಲ ನೇರ ವಿಮಾನ 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಬಂದಾಗ ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಅವರ ನೇತೃತ್ವದಲ್ಲಿ ಕಾಕ್‌ಪಿಟ್‌ನಲ್ಲಿ ಮಹಿಳೆಯರೇ ಇದ್ದರು, ವಿಮಾನ ಉತ್ತರ ಧ್ರುವದ ಮೇಲೆ ಹಾರಿ ಬಂದಿತ್ತು. ಅದೇ ಅತಿ ಚಿಕ್ಕ ದಾರಿ ಎಂದು ಆಗ ಹಲವರು ಬರೆದದ್ದು ನೆನಪಿದೆ. ನೀವು ನೋಡಿದರೆ ಚಿಕ್ಕ ದಾರಿ 71 ಡಿಗ್ರಿಯಲ್ಲೇ ತಿರುಗುತ್ತದೆ ಎನ್ನುತ್ತೀರಿ. ಎರಡೂ ಹೇಗೆ ಸರಿಯಾಗುತ್ತವೆ?

ಭೂಗೋಳದ ಮೇಷ್ಟ್ರು:

ಆ ವಿಮಾನ ಧ್ರುವದ ಮೇಲೆ ಬಂದದ್ದು ನಿಜ. ಅದೇ ಅತಿ ಚಿಕ್ಕ ದಾರಿ ಎಂಬುದು ಸರಿಯಲ್ಲ. ಧ್ರುವದ ಮೂಲಕ ಹೋಗುವ ದೂರವನ್ನು ಕಾಗದದ ಮೇಲೆ ಯಾರಾದರೂ ಲೆಕ್ಕ ಹಾಕಬಹುದು. ಬೆಂಗಳೂರಿನಿಂದ ಧ್ರುವಕ್ಕೆ 76.8 ಡಿಗ್ರಿ, ಧ್ರುವದಿಂದ ಸ್ಯಾನ್ ಫ್ರಾನ್ಸಿಸ್ಕೋಗೆ 52.4 ಡಿಗ್ರಿ, ಒಟ್ಟು 129.2 ಡಿಗ್ರಿ. ಕಿಲೋಮೀಟರ್ ಲೆಕ್ಕದಲ್ಲಿ ಸುಮಾರು 14,365. ಅಂದರೆ ಮಹಾವೃತ್ತದ ದಾರಿಗಿಂತ 375 ಕಿ.ಮೀ. ಹೆಚ್ಚು, ಹಾರಾಟದಲ್ಲಿ ಇಪ್ಪತ್ತೈದು ನಿಮಿಷದ ಮಾತು. ಹದಿನಾಲ್ಕು ಸಾವಿರದ ಮುಂದೆ ಇದು ಅಲ್ಪವೇ. ಆದರೆ ಆ ಅಲ್ಪವನ್ನು ಬೇಕೆಂದೇ ಏಕೆ ಹೆಚ್ಚಿಗೆ ಹಾರುತ್ತಾರೆ ಎಂಬುದಕ್ಕೆ ಉತ್ತರ ಭೂಗೋಳದಲ್ಲಿಲ್ಲ, ಗಾಳಿಯಲ್ಲಿದೆ. ಅದನ್ನು ವಿಮಾನದ ದಾರಿ ನಿಗದಿ ಮಾಡುವ ಕೆಲಸದಲ್ಲಿರುವ ನಮ್ಮ ಸದಸ್ಯರು ಹೇಳಿದರೆ ಒಳ್ಳೆಯದು.

ಅಂದಹಾಗೆ, ಧ್ರುವದ ಮೇಲಿನ ದಾರಿಯೇ ನಿಜಕ್ಕೂ ಅತಿ ಚಿಕ್ಕದಾಗುವುದು ದುಬೈಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗುವವರಿಗೆ. ಈ ಎರಡು ಊರುಗಳ ರೇಖಾಂಶಗಳ ಮೊತ್ತ ಹೆಚ್ಚುಕಡಿಮೆ 178 ಡಿಗ್ರಿ ಆಗುವುದರಿಂದ ಅಲ್ಲಿನ ಮಹಾವೃತ್ತ ಧ್ರುವದಿಂದ ಸುಮಾರು ಇನ್ನೂರು ಕಿ.ಮೀ. ಅಂತರದಲ್ಲಿ ಹಾದು ಹೋಗುತ್ತದೆ.

ಹಾರಾಟ ಯೋಜನೆಯ ನೌಕರ:

ಡಿಸ್ಪ್ಯಾಚ್ ವಿಭಾಗದಲ್ಲಿ ಕೆಲಸ ಮಾಡುವವನು ನಾನು. ಪ್ರತಿ ಹಾರಾಟಕ್ಕೂ ಹೊರಡುವ ಕೆಲವು ಗಂಟೆ ಮುಂಚೆ ದಾರಿ, ಎತ್ತರ, ಇಂಧನ ಎಲ್ಲವನ್ನೂ ಹೊಸದಾಗಿ ಲೆಕ್ಕ ಹಾಕಲಾಗುತ್ತದೆ. ಅದರಲ್ಲಿ ಕಿಲೋಮೀಟರಿಗಿಂತ ಹೆಚ್ಚು ಬೆಲೆ ಇರುವುದು ನಿಮಿಷಕ್ಕೆ ಮತ್ತು ಟನ್ ಇಂಧನಕ್ಕೆ.

ವಿಮಾನದ ವೇಗ 900 ಕಿ.ಮೀ. ಎಂದರೆ ಅದು ಸುತ್ತಲಿನ ಗಾಳಿಗೆ ಹೋಲಿಸಿದ ವೇಗ. ಆ ಗಾಳಿಯೇ ಗಂಟೆಗೆ 150 ಕಿ.ಮೀ. ವೇಗದಲ್ಲಿ ನೀವು ಹೋಗುವ ದಿಕ್ಕಿಗೇ ಸಾಗುತ್ತಿದ್ದರೆ ನೆಲದ ಲೆಕ್ಕದಲ್ಲಿ ನೀವು 1,050ರ ವೇಗದಲ್ಲಿರುತ್ತೀರಿ. ಎದುರು ಬೀಸಿದರೆ 750. ಹತ್ತು ಹನ್ನೆರಡು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ಜೆಟ್ ಸ್ಟ್ರೀಮ್ ಎಂಬ ವಾಯುಪ್ರವಾಹವಿದೆ. ಚಳಿಗಾಲದಲ್ಲಿ ಜಪಾನ್ ಮೇಲೆ ಮತ್ತು ಅದರ ಪೂರ್ವದ ಪೆಸಿಫಿಕ್ ಮೇಲೆ ಇದು ಭೂಮಿಯ ಬೇರೆಲ್ಲ ಕಡೆಗಿಂತ ಬಿರುಸಾಗಿರುತ್ತದೆ; ಪ್ರವಾಹದ ನಡುಭಾಗದಲ್ಲಿ ಗಂಟೆಗೆ 300 ಕಿ.ಮೀ. ದಾಟುವುದೂ ಉಂಟು.

ಈಗ ಲೆಕ್ಕ ನೋಡಿ. ಬೆಂಗಳೂರಿನಿಂದ ಜಪಾನ್‌ನ ನರಿತಾ ಮೇಲೆ ಹಾದು ಸ್ಯಾನ್ ಫ್ರಾನ್ಸಿಸ್ಕೋಗೆ ಹೋದರೆ ಮೊದಲ ಭಾಗ ಸುಮಾರು 6,700 ಕಿ.ಮೀ., ಎರಡನೆಯದು ಸುಮಾರು 8,220, ಒಟ್ಟು 14,920. ಚಿಕ್ಕ ದಾರಿಗಿಂತ 930 ಕಿ.ಮೀ. ಹೆಚ್ಚು. ಆದರೆ ಮೊದಲ ಭಾಗದಲ್ಲಿ ಗಾಳಿ ಸರಾಸರಿ ಐವತ್ತು ಕಿ.ಮೀ. ಬೆಂಬಲ ಕೊಟ್ಟಿತು, ಪೆಸಿಫಿಕ್ ಮೇಲೆ 130 ಕೊಟ್ಟಿತು ಎಂದಿಟ್ಟುಕೊಂಡರೆ ಒಟ್ಟು ಹದಿನೈದು ಗಂಟೆಯಲ್ಲಿ ಮುಗಿಯುತ್ತದೆ. ಗಾಳಿಯ ಬೆಂಬಲವಿಲ್ಲದ ಚಿಕ್ಕ ದಾರಿಗೆ ಹದಿನೈದೂವರೆ ಗಂಟೆ ಬೇಕು. ಸಾವಿರ ಕಿ.ಮೀ. ಹತ್ತಿರ ಹೆಚ್ಚಿಗೆ ಹಾರಿಯೂ ಅರ್ಧ ಗಂಟೆ ಮೊದಲೇ ತಲುಪಿದಂತಾಯಿತು. ಇಲ್ಲಿ ನಾನು ಹಿಡಿದಿರುವ ಗಾಳಿಯ ವೇಗ ಲೆಕ್ಕದ ಅನುಕೂಲಕ್ಕಾಗಿ ಮಾತ್ರ. ನಿಜದ ಗಾಳಿ ದಿನದಿನಕ್ಕೂ, ಋತುವಿನಿಂದ ಋತುವಿಗೂ ಬದಲಾಗುತ್ತದೆ, ಅದರೊಡನೆ ದಾರಿಯೂ ಬದಲಾಗುತ್ತದೆ.

ಬರುವಾಗ ಅದೇ ಜಪಾನ್ ದಾರಿಯನ್ನು ಹಿಡಿದರೆ ಅದೇ ಗಾಳಿ ಎದುರಾಗುತ್ತದೆ. ಲೆಕ್ಕ ಹಾಕಿದರೆ ಹದಿನೆಂಟೂವರೆ ಗಂಟೆ ದಾಟುತ್ತದೆ, ಇಂಧನವೂ ಸಾಲದೆ ಹೋಗಬಹುದು. ಆದ್ದರಿಂದ ಬರುವಾಗ ಆ ಪ್ರವಾಹವನ್ನೇ ತಪ್ಪಿಸಿ ಇನ್ನಷ್ಟು ಉತ್ತರಕ್ಕೆ ಹೋಗುತ್ತಾರೆ. ಧ್ರುವದ ಸುತ್ತ ಮೇಲ್ಗಾಳಿ ಸಾಮಾನ್ಯವಾಗಿ ಅಷ್ಟು ಬಿರುಸಿರುವುದಿಲ್ಲ; ಇದ್ದರೂ ವಿಮಾನ ಅದನ್ನು ಅಡ್ಡ ಹಾಯುತ್ತದೆಯೇ ಹೊರತು ಇಡೀ ದಾರಿ ಎದುರಿಸುವುದಿಲ್ಲ. 14,365 ಕಿ.ಮೀ. ಅನ್ನು ಬಹುತೇಕ ತನ್ನ ಸ್ವಂತ ವೇಗದಲ್ಲೇ ಹಾರಿದರೆ ಹದಿನಾರು ಗಂಟೆ ಚಿಲ್ಲರೆ.

ಇದಕ್ಕೆ ಇನ್ನೊಂದು ಸಣ್ಣ ಸೇರ್ಪಡೆ ಇದೆ. ವೇಳಾಪಟ್ಟಿಯಲ್ಲಿ ಬರೆಯುವುದು ಹಾರಾಟದ ಸಮಯವಲ್ಲ, ಬ್ಲಾಕ್ ಟೈಮ್. ಗೇಟಿನಲ್ಲಿ ಚಕ್ರದ ತಡೆ ತೆಗೆದ ಕ್ಷಣದಿಂದ ಇನ್ನೊಂದು ತುದಿಯ ಗೇಟಿನಲ್ಲಿ ತಡೆ ಹಾಕುವವರೆಗಿನ ಸಮಯ ಅದು. ರನ್‌ವೇವರೆಗೆ ಉರುಳುವುದು, ಸರದಿಯಲ್ಲಿ ಕಾಯುವುದು, ನಿಧಾನವಾಗಿ ಏರುವುದು, ಇಳಿಯುವುದು ಎಲ್ಲ ಸೇರಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಹೆಚ್ಚಾಗುತ್ತದೆ. ನೀವು ನೋಡಿದ ಹದಿನಾರು ಮತ್ತು ಹದಿನೇಳೂವರೆ ಹೀಗೆ ಬಂದದ್ದು.

ತೀರ್ಥಹಳ್ಳಿಯ ಓದುಗ:

ತುಂಬ ಸ್ಪಷ್ಟವಾಯಿತು, ಧನ್ಯವಾದ. ಆದರೂ ಒಂದು ಪ್ರಶ್ನೆ ಉಳಿಯಿತು. ಬೇಸಿಗೆಯಲ್ಲಿ ಜೆಟ್ ಸ್ಟ್ರೀಮ್ ದುರ್ಬಲವಾಗುತ್ತದೆ ಎಂದಾದರೆ ಆಗ ಮೇಷ್ಟ್ರು ಹೇಳಿದ ಆ ನೇಪಾಳ, ಟಿಬೆಟ್ ಗೆರೆಯ ಮೇಲೆಯೇ ಹಾರಬಹುದಲ್ಲವೇ?

ಹಾರಾಟ ಯೋಜನೆಯ ನೌಕರ:

ಹಾಗೆಯೇ ಹಾರುವುದಿಲ್ಲ. ಟಿಬೆಟ್ ಪ್ರಸ್ಥಭೂಮಿಯ ಸರಾಸರಿ ಎತ್ತರವೇ ನಾಲ್ಕೂವರೆ ಸಾವಿರ ಮೀಟರ್. ಯಾವುದೇ ವಿಮಾನದಲ್ಲಿ ಒಳಗಿನ ಗಾಳಿಯ ಒತ್ತಡ ತಪ್ಪಿದರೆ ಪೈಲಟ್ ಕೂಡಲೇ ಸುಮಾರು ಮೂರು ಸಾವಿರ ಮೀಟರಿಗೆ ಇಳಿಯಬೇಕು, ಏಕೆಂದರೆ ಪ್ರಯಾಣಿಕರ ತಲೆಯ ಮೇಲಿಂದ ಬೀಳುವ ಮುಖವಾಡಗಳಲ್ಲಿ ಆಮ್ಲಜನಕ ಬರುವುದು ಹೆಚ್ಚಿನ ವಿಮಾನಗಳಲ್ಲಿ ಹದಿನೈದು, ಇಪ್ಪತ್ತು ನಿಮಿಷ ಮಾತ್ರ. ಕೆಳಗಿನ ನೆಲವೇ ಆ ಎತ್ತರಕ್ಕಿಂತ ಮೇಲಿದ್ದರೆ ಇಳಿಯುವುದೆಲ್ಲಿಗೆ? ಆದ್ದರಿಂದ ವಿಶೇಷ ಆಮ್ಲಜನಕ ವ್ಯವಸ್ಥೆ ಮತ್ತು ಅನುಮತಿ ಇಲ್ಲದ ವಿಮಾನಗಳು ಆ ಪ್ರದೇಶವನ್ನು ತಪ್ಪಿಸಿ ಸುತ್ತುಹಾಕಿ ಹೋಗುತ್ತವೆ. ಪೂರ್ವಕ್ಕೆ ಹೋಗುವವರು ಬಂಗಾಳ ಕೊಲ್ಲಿ, ಮ್ಯಾನ್ಮಾರ್, ಚೀನಾ ಕಡೆಯಿಂದ, ಉತ್ತರದಿಂದ ಬರುವವರು ಮಧ್ಯ ಏಷ್ಯಾದ ಕಡೆಯಿಂದ.

ಧ್ರುವದಿಂದ ಇಳಿಯುವ ದಾರಿಗೂ ಇದೇ ತೊಡಕಿದೆ. ಬೆಂಗಳೂರು, ದೆಹಲಿ, ಕಜಕಿಸ್ತಾನದ ಅಲ್ಮಾಟಿ ಮೂರೂ ಹೆಚ್ಚುಕಡಿಮೆ ಒಂದೇ ರೇಖಾಂಶದ ಮೇಲಿವೆ. ನಕ್ಷೆಯಲ್ಲಿ ನೇರ ಕೆಳಗಿಳಿದರೆ ಆಯಿತು ಎನಿಸುತ್ತದೆ, ಆದರೆ ನಡುವೆ ತಿಯಾನ್‌ಶಾನ್, ಕಾರಕೋರಂ ಇವೆ. ಹೀಗಾಗಿ ಅಲ್ಲಿಯೂ ಪಶ್ಚಿಮಕ್ಕೆ ಬಾಗಿ ಬರಬೇಕು.

ಸನಿವೇಲ್ ಕನ್ನಡಿಗ:

ಕ್ಯಾಲಿಫೋರ್ನಿಯಾದಲ್ಲಿದ್ದು ಈ ಮಾರ್ಗದಲ್ಲಿ ಓಡಾಡುವ ನಮ್ಮಂಥವರಿಗೆ ದೂರಕ್ಕಿಂತ ತಾರೀಖಿನ ಗೊಂದಲವೇ ದೊಡ್ಡದು. ಊರಿನಿಂದ ಕರೆದುಕೊಂಡು ಹೋಗಲು ಬರುವವರಿಗೆ ತಪ್ಪು ದಿನ ಹೇಳುವುದು ಇಲ್ಲಿ ಮಾಮೂಲಿ. ಚಳಿಗಾಲದಲ್ಲಿ ಭಾರತ ಕ್ಯಾಲಿಫೋರ್ನಿಯಾಕ್ಕಿಂತ ಹದಿಮೂರೂವರೆ ಗಂಟೆ ಮುಂದಿರುತ್ತದೆ. ಮಾರ್ಚ್‌ನ ಎರಡನೇ ಭಾನುವಾರದಿಂದ ನವೆಂಬರ್‌ನ ಮೊದಲ ಭಾನುವಾರದವರೆಗೆ ಇಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವುದರಿಂದ ಆಗ ಅಂತರ ಹನ್ನೆರಡೂವರೆ. ಡಿಸೆಂಬರ್‌ನಲ್ಲಿ ಬೆಂಗಳೂರಿನಿಂದ ಮಧ್ಯಾಹ್ನ ಎರಡೂವರೆಗೆ ಹೊರಟು ಹದಿನಾರು ಗಂಟೆ ಹಾರಿದರೆ ಇಲ್ಲಿ ಇಳಿಯುವಾಗ ಅದೇ ದಿನದ ಸಂಜೆ ಐದು. ಟಿಕೆಟ್‌ನಲ್ಲಿ ನೋಡುವವರಿಗೆ ಎರಡೂವರೆ ಗಂಟೆಯ ಪ್ರಯಾಣ ಎನಿಸಬೇಕು. ವಾಪಸ್ ಬರುವಾಗ ರಾತ್ರಿ ಒಂಬತ್ತಕ್ಕೆ ಹೊರಟವರು ಹೊರಟ ದಿನವೂ ಸೇರಿ ಮೂರನೆಯ ದಿನದ ನಸುಕಿನ ನಾಲ್ಕಕ್ಕೆ ದೇವನಹಳ್ಳಿಯಲ್ಲಿ ಇಳಿಯುತ್ತಾರೆ. ಆ ಮೊದಲ ವಿಮಾನವೂ 2021ರ ಜನವರಿ 9ರ ರಾತ್ರಿ ಇಲ್ಲಿಂದ ಹೊರಟು 11ರ ನಸುಕಿನಲ್ಲಿ ಬೆಂಗಳೂರು ಮುಟ್ಟಿತ್ತು.

ಪ್ರಯಾಣಿಕನಾಗಿ ಒಂದು ಮಾತು. ಚಳಿಗಾಲದಲ್ಲಿ ಬೆಂಗಳೂರಿನಿಂದ ಬರುವಾಗ ಜಪಾನ್ ದಾಟಿದ ಮೇಲೆ ಪರದೆಯ ಮೇಲೆ ನೆಲದ ವೇಗ 1,100, ಕೆಲವೊಮ್ಮೆ ಅದಕ್ಕೂ ಹೆಚ್ಚು ತೋರಿಸುವುದನ್ನು ನೋಡಿದ್ದೇನೆ. ಅದೇ ಹೊತ್ತಿಗೆ ವಿಮಾನ ಅಲುಗಾಡತೊಡಗುತ್ತದೆ, ಸೀಟ್ ಬೆಲ್ಟ್ ದೀಪ ಹತ್ತುತ್ತದೆ, ಊಟದ ಟ್ರಾಲಿ ಹಿಂದಕ್ಕೆ ಹೋಗುತ್ತದೆ. ಬೇಗ ತಲುಪಿಸುವ ಗಾಳಿ ಸುಖವಾಗಿ ಕೂರಗೊಡುವುದಿಲ್ಲ.

ಹಳೆಯ ಸದಸ್ಯ, ದಾವಣಗೆರೆ:

ಹಾಗಾದರೆ ಸಮಯ ನಿರ್ಧರಿಸುವುದು ಗಾಳಿಯೊಂದೇ ಎಂದು ಅರ್ಥವೇ? ಇಂಧನ ಸಾಲದು ಎಂಬ ಮಾತು ಮೇಲೆ ಬಂತು. ಇಷ್ಟು ದೊಡ್ಡ ವಿಮಾನಕ್ಕೆ ಇಂಧನದ ಕೊರತೆ ಏಕೆ ಬರಬೇಕು?

ಹಾರಾಟ ಯೋಜನೆಯ ನೌಕರ:

ಅಷ್ಟು ಇಂಧನವನ್ನು ಹೊರುವುದಕ್ಕೂ ಇಂಧನ ಬೇಕಲ್ಲ, ತೊಡಕಿರುವುದು ಅಲ್ಲಿ. ಈ ಮಾರ್ಗಕ್ಕೆ ಮೊದಲು ಬಂದದ್ದು ಬೋಯಿಂಗ್ 777-200ಎಲ್‌ಆರ್. ಇದು ದೂರದ ಹಾರಾಟಕ್ಕೆಂದೇ ಮಾಡಿದ ವಿಮಾನ. 2005ರ ನವೆಂಬರ್‌ನಲ್ಲಿ ಇದೇ ಮಾದರಿ ಹಾಂಗ್‌ಕಾಂಗ್‌ನಿಂದ ಪೂರ್ವದಿಕ್ಕಿನಲ್ಲಿ ಲಂಡನ್‌ಗೆ 21,602 ಕಿ.ಮೀ. ಅನ್ನು 22 ಗಂಟೆ 42 ನಿಮಿಷದಲ್ಲಿ ಎಲ್ಲಿಯೂ ಇಳಿಯದೆ ಹಾರಿತ್ತು. ಆದರೆ ಅದರಲ್ಲಿ ಇದ್ದವರು ಕೆಲವೇ ಜನ. ಪೂರ್ತಿ ಪ್ರಯಾಣಿಕರು, ಅವರ ಪೆಟ್ಟಿಗೆಗಳು, ಸರಕು ಎಲ್ಲ ಹೊತ್ತಾಗ ಲೆಕ್ಕವೇ ಬೇರೆ. ಇದರ ಟ್ಯಾಂಕುಗಳಲ್ಲಿ ಸುಮಾರು 1,81,000 ಲೀಟರ್, ಅಂದರೆ 145 ಟನ್ ಆಸುಪಾಸು ಇಂಧನ ಹಿಡಿಸುತ್ತದೆ. ಹೊರಡುವಾಗ ಇರಬಹುದಾದ ಗರಿಷ್ಠ ತೂಕ 347 ಟನ್. ಟ್ಯಾಂಕ್ ತುಂಬಿಸಿದರೆ ತೂಕದಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಪಾಲು ಇಂಧನದ್ದೇ. ಹಾರಾಟದ ಮೊದಲ ಗಂಟೆಗಳಲ್ಲಿ ಉರಿಯುವ ಇಂಧನದ ಒಳ್ಳೆಯ ಭಾಗ ಕೊನೆಯ ಗಂಟೆಗಳಿಗೆ ಬೇಕಾದ ಇಂಧನವನ್ನು ಹೊರುವುದಕ್ಕೇ ಖರ್ಚಾಗುತ್ತದೆ.

ಬೆಂಗಳೂರಿಗೆ ಇನ್ನೊಂದು ಕಷ್ಟವಿದೆ, ಅದನ್ನು ಹೊರಗಿನವರು ಗಮನಿಸುವುದು ಕಡಿಮೆ. ನಮ್ಮ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 915 ಮೀಟರ್ ಎತ್ತರದಲ್ಲಿದೆ. ಎತ್ತರದಲ್ಲಿ ಗಾಳಿ ತೆಳು. ಮಧ್ಯಾಹ್ನದ ಬಿಸಿಲಿನಲ್ಲಿ ಇನ್ನಷ್ಟು ತೆಳು. ರೆಕ್ಕೆಗೆ ಎತ್ತುವ ಬಲವೂ ಎಂಜಿನ್‌ಗೆ ತಳ್ಳುವ ಬಲವೂ ಕಡಿಮೆಯಾಗುತ್ತವೆ. ನಾಲ್ಕು ಸಾವಿರ ಮೀಟರ್ ಉದ್ದದ ರನ್‌ವೇಗಳಿರುವುದರಿಂದ ಬಚಾವು. ಸ್ಯಾನ್ ಫ್ರಾನ್ಸಿಸ್ಕೋದ ರನ್‌ವೇ ಕೊಲ್ಲಿಯ ನೀರಿನ ಮಟ್ಟದಲ್ಲಿದೆ, ಹವೆ ತಂಪು. ಅಲ್ಲಿಂದ ತೂಕದ ವಿಮಾನ ಎತ್ತುವುದು ಹೆಚ್ಚು ಸುಲಭ. ಅದೃಷ್ಟಕ್ಕೆ ಹೆಚ್ಚು ಇಂಧನ ಬೇಕಾಗುವ ವಾಪಸ್ ಹಾರಾಟ ಅಲ್ಲಿಂದಲೇ ಹೊರಡುತ್ತದೆ.

ಧ್ರುವದ ದಾರಿಗೆ ಸಂಬಂಧಿಸಿದ ಒಂದು ಸೂಕ್ಷ್ಮವನ್ನೂ ಹೇಳಿಬಿಡುತ್ತೇನೆ. ಭಾರತದಲ್ಲಿ ತುಂಬಿಸುವ ಜೆಟ್ ಎ-1 ಇಂಧನದ ಘನೀಭವನ ಬಿಂದು ಮೈನಸ್ 47 ಡಿಗ್ರಿ. ಅಮೆರಿಕದಲ್ಲಿ ಸಾಮಾನ್ಯವಾಗಿ ಸಿಗುವ ಜೆಟ್ ಎ ಇಂಧನಕ್ಕೆ ಅದು ಮೈನಸ್ 40. ಹೀಗಾಗಿ ಹೆಚ್ಚು ಚಳಿಯ ದಾರಿಯಲ್ಲಿ ಬರುವ ವಿಮಾನಕ್ಕೇ ಚಳಿಗೆ ಬೇಗ ಸೋಲುವ ಇಂಧನ ಸಿಗುತ್ತದೆ. ಹತ್ತು ಗಂಟೆ ಮೈನಸ್ ಅರವತ್ತರ ಗಾಳಿಯಲ್ಲಿ ನೆನೆದ ರೆಕ್ಕೆಯೊಳಗಿನ ಇಂಧನ ನಿಧಾನವಾಗಿ ತಣ್ಣಗಾಗುತ್ತ ಹೋಗುತ್ತದೆ. ಅದು ಘನೀಭವನ ಬಿಂದುವಿಗಿಂತ ಕನಿಷ್ಠ ಮೂರು ಡಿಗ್ರಿ ಮೇಲಿರುವಂತೆ ಪೈಲಟ್‌ಗಳು ನೋಡಿಕೊಳ್ಳಬೇಕು. ಮಿತಿ ಹತ್ತಿರ ಬಂದರೆ ಬೆಚ್ಚನೆಯ ಪದರಕ್ಕೆ ಇಳಿಯುತ್ತಾರೆ, ಇಲ್ಲವೇ ವೇಗ ಹೆಚ್ಚಿಸುತ್ತಾರೆ. ಎರಡರಿಂದಲೂ ಇಂಧನದ ಖರ್ಚು ಏರುತ್ತದೆ. ಇದಕ್ಕೆ ಸೇರಿಸಿಕೊಳ್ಳಿ: 82 ಡಿಗ್ರಿ ಅಕ್ಷಾಂಶದ ಆಚೆಗೆ ಸಮಭಾಜಕದ ಮೇಲಿನ ಉಪಗ್ರಹಗಳು ಕಾಣಿಸದ ಕಾರಣ ರೇಡಿಯೊ ಸಂಪರ್ಕದ ಕ್ರಮ ಬೇರೆ, ಆ ರೇಡಿಯೊವನ್ನು ಕೆಡಿಸುವ ಸೌರ ಬಿರುಗಾಳಿಯ ದಿನಗಳಲ್ಲಿ ಆ ದಾರಿಯನ್ನೇ ಬಿಡಬೇಕಾಗಬಹುದು.

ಸನಿವೇಲ್ ಕನ್ನಡಿಗ:

ದಾರಿಯಲ್ಲಿ ಏನಾದರೂ ಕೆಟ್ಟರೆ ಇಳಿಯಲು ಊರುಗಳಿರಬೇಕು ಎಂಬುದನ್ನೂ ಹೇಳಬೇಕು. 2023ರ ಜೂನ್‌ನಲ್ಲಿ ದೆಹಲಿಯಿಂದ ಇಲ್ಲಿಗೆ ಬರುತ್ತಿದ್ದ ಏರ್ ಇಂಡಿಯಾ ವಿಮಾನ ಎಂಜಿನ್ ತೊಂದರೆಯಿಂದ ರಷ್ಯಾದ ಮಗದಾನ್‌ನಲ್ಲಿ ಇಳಿಯಿತು. ಅದರಲ್ಲಿ 216 ಪ್ರಯಾಣಿಕರಿದ್ದರು. ಬದಲಿ ವಿಮಾನ ಬಂದು ಅವರನ್ನು ಕರೆದೊಯ್ಯುವವರೆಗೆ ಆ ಸಣ್ಣ ಊರಿನಲ್ಲಿ ಶಾಲೆ ಮೊದಲಾದ ಕಡೆ ಉಳಿಯಬೇಕಾಯಿತು. ಹದಿನಾರು ಗಂಟೆ ಎಂದುಕೊಂಡವರಿಗೆ ಪ್ರಯಾಣ ದಿನಗಟ್ಟಲೆ ಆಯಿತು.

ಹುಬ್ಬಳ್ಳಿಯ ವಕೀಲ:

ಗಾಳಿ, ಬೆಟ್ಟ, ತೂಕ ಎಲ್ಲವೂ ಬಂದವು. ದೇಶಗಳ ಅನುಮತಿಯ ವಿಷಯ ಬರಲಿಲ್ಲ, ನನ್ನ ಮಟ್ಟಿಗೆ ಈಚಿನ ವರ್ಷಗಳಲ್ಲಿ ಪ್ರಯಾಣದ ಸಮಯವನ್ನು ಹೆಚ್ಚು ಬದಲಿಸಿರುವುದು ಅದೇ. 2022ರಲ್ಲಿ ಉಕ್ರೇನ್ ಯುದ್ಧ ಆರಂಭವಾದ ಮೇಲೆ ಅಮೆರಿಕದ ವಿಮಾನಗಳಿಗೆ ರಷ್ಯಾದ ಆಕಾಶ ಮುಚ್ಚಿತು. ಯುನೈಟೆಡ್ ಏರ್‌ಲೈನ್ಸ್ ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೋ ನೇರ ವಿಮಾನವನ್ನೂ ಅಮೆರಿಕನ್ ಏರ್‌ಲೈನ್ಸ್ ಸಿಯಾಟಲ್–ಬೆಂಗಳೂರು ವಿಮಾನವನ್ನೂ 2020ರಲ್ಲೇ ಘೋಷಿಸಿದ್ದವು; ಮೊದಲು ಕೋವಿಡ್ ಅಡ್ಡ ಬಂತು, ಆಮೇಲೆ ಆಕಾಶ. ಎರಡೂ ಆರಂಭವಾಗಲೇ ಇಲ್ಲ. ಭಾರತದ ವಿಮಾನಗಳಿಗೆ ರಷ್ಯಾ ತೆರೆದೇ ಇದ್ದುದರಿಂದ ಏರ್ ಇಂಡಿಯಾಕ್ಕೆ ಈ ಮಾರ್ಗಗಳಲ್ಲಿ ಲಾಭವಾಯಿತು. ಅದೇ ಏರ್ ಇಂಡಿಯಾಕ್ಕೆ 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ಭಾರತೀಯ ವಿಮಾನಗಳಿಗೆ ತನ್ನ ಆಕಾಶ ಮುಚ್ಚಿದಾಗ ಪೆಟ್ಟು ಬಿತ್ತು. ದೆಹಲಿಯಿಂದ ಉತ್ತರ ಅಮೆರಿಕಕ್ಕೆ ನೇರವಾಗಿ ಹೋಗುತ್ತಿದ್ದ ಕೆಲವು ವಿಮಾನಗಳು ವಿಯೆನ್ನಾದಲ್ಲಿ ಇಳಿದು ಇಂಧನ ತುಂಬಿಸಿಕೊಳ್ಳಬೇಕಾಯಿತು, ಸ್ಯಾನ್ ಫ್ರಾನ್ಸಿಸ್ಕೋದಿಂದ ಮುಂಬೈಗೆ ಬರುತ್ತಿದ್ದ ವಿಮಾನ ಕೋಲ್ಕತ್ತಾದಲ್ಲಿ ಇಳಿಯತೊಡಗಿತು. ಮೇಷ್ಟ್ರ ಲೆಕ್ಕದ ಒಂದು ಕಿಲೋಮೀಟರೂ ಬದಲಾಗಿಲ್ಲ, ಪ್ರಯಾಣಿಕರ ಗಂಟೆಗಳು ಮಾತ್ರ ಹೆಚ್ಚಾದವು.

ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೋ ನೇರ ವಿಮಾನವೇ 2022ರಲ್ಲಿ ಕೆಲವು ತಿಂಗಳು ನಿಂತು ಡಿಸೆಂಬರ್‌ನಲ್ಲಿ ಮತ್ತೆ ಶುರುವಾಗಿತ್ತು. ಆದ್ದರಿಂದ ಹಳೆಯ ವೇಳಾಪಟ್ಟಿ ನೋಡಿ ಯಾರೂ ಯೋಜನೆ ಹಾಕಬಾರದು. ನೀವು ಹೊರಡುವ ವಾರಕ್ಕೆ ನೇರ ವಿಮಾನ ಇದೆಯೇ, ಇದ್ದರೆ ನಡುವೆ ಎಲ್ಲಾದರೂ ಇಳಿಯುತ್ತದೆಯೇ ಎಂಬುದನ್ನು ಟಿಕೆಟ್ ತೆಗೆಯುವಾಗಲೇ ವಿಮಾನ ಕಂಪನಿಯ ಬಳಿ ಕೇಳಿ.

ಭೂಗೋಳದ ಮೇಷ್ಟ್ರು:

ಏಜೆಂಟರ ಮಾತಿಗೆ ಈಗ ಬರೋಣ. ನಡುವೆ ಒಂದು ಊರಿನಲ್ಲಿ ಇಳಿದು ಹೋದರೆ ದೂರ ಎಷ್ಟಾಗುತ್ತದೆ ಎಂದು ಲೆಕ್ಕ ಹಾಕಿದೆ. ದುಬೈ ಮೂಲಕ 2,690 ಮತ್ತು 13,020, ಒಟ್ಟು ಸುಮಾರು 15,700 ಕಿ.ಮೀ. ಫ್ರಾಂಕ್‌ಫರ್ಟ್ ಮೂಲಕ 16,550. ಸಿಂಗಪುರ ಮೂಲಕ 16,700ರ ಮೇಲೆ. ಇವುಗಳ ಮುಂದೆ ದೆಹಲಿ ಮೂಲಕದ ಲೆಕ್ಕ ಚೆನ್ನಾಗಿದೆ: 1,710 ಮತ್ತು 12,380 ಸೇರಿ 14,090. ನೇರ ದೂರಕ್ಕಿಂತ ನೂರೇ ಕಿ.ಮೀ. ಹೆಚ್ಚು, ಏಕೆಂದರೆ ದೆಹಲಿಯೂ ಹೆಚ್ಚುಕಡಿಮೆ ಆ ಗೆರೆ ಹೋಗುವ ಉತ್ತರ ದಿಕ್ಕಿನಲ್ಲೇ ಇದೆ.

ದುಬೈ ವಿಷಯದಲ್ಲಿ ಗಮನಿಸಬೇಕಾದದ್ದು ಎರಡನೆಯ ಹಂತ. ಅದು ಬೆಂಗಳೂರಿನ ನೇರ ಹಾರಾಟಕ್ಕಿಂತ ಸಾವಿರ ಕಿ.ಮೀ. ಕೂಡ ಕಡಿಮೆಯಿಲ್ಲ. ಅಂದರೆ ಮೊದಲು ನಾಲ್ಕು ಗಂಟೆ ಹಾರಿ, ಅಲ್ಲಿ ಕೆಲವು ಗಂಟೆ ಕಾದು, ಮತ್ತೆ ಸುಮಾರು ಹದಿನಾರು ಗಂಟೆ ಕೂರಬೇಕು. ನಡುವೆ ಇಳಿದು ಕಾಲು ಬಿಡಿಸಿಕೊಳ್ಳಬಹುದು ಎಂಬ ಅನುಕೂಲ ಪ್ರಯಾಣದ ಆರಂಭದಲ್ಲೇ, ಯಾರಿಗೂ ದಣಿವಾಗದ ಹೊತ್ತಿನಲ್ಲಿ ಮುಗಿದುಹೋಗುತ್ತದೆ. ಫ್ರಾಂಕ್‌ಫರ್ಟ್ ದಾರಿ ದೂರದಲ್ಲಿ ಹೆಚ್ಚಿದ್ದರೂ ಹತ್ತು ಮತ್ತು ಹನ್ನೊಂದೂವರೆ ಗಂಟೆಯ ಹಾಗೆ ಎರಡು ಭಾಗವಾಗುತ್ತದೆ. ವಯಸ್ಸಾದವರಿಗೆ ನಿಲುಗಡೆ ಬೇಕೇ ಬೇಕು ಎಂದಾದರೆ ನಾನಾದರೆ ಇದನ್ನೇ ಆರಿಸುತ್ತೇನೆ. ಸಮಯದಲ್ಲಿ ಅಂತಹ ವ್ಯತ್ಯಾಸವಿಲ್ಲ ಎಂಬ ಏಜೆಂಟರ ಮಾತು ನಿಲ್ಲುವುದಿಲ್ಲ. ಐದಾರು ಗಂಟೆಯಾದರೂ ಹೆಚ್ಚು.

ಸನಿವೇಲ್ ಕನ್ನಡಿಗ:

ದೆಹಲಿ ಮೂಲಕದ ನೂರು ಕಿ.ಮೀ. ನೋಡಿ ಮರುಳಾಗಬೇಡಿ. ಒಂದೇ ಟಿಕೆಟ್‌ನಲ್ಲಿ ಎರಡೂ ಹಾರಾಟ ಇರಬೇಕು, ಪೆಟ್ಟಿಗೆ ನೇರವಾಗಿ ಕೊನೆಯವರೆಗೆ ಹೋಗಬೇಕು, ನಡುವೆ ಮೂರು ಗಂಟೆಗೂ ಹೆಚ್ಚು ಸಮಯ ಇರಬೇಕು. ಡಿಸೆಂಬರ್, ಜನವರಿಯಲ್ಲಿ ದೆಹಲಿಯ ಮಂಜನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಯಾವ ದಾರಿಯಲ್ಲಿ ಬಂದರೂ ಗಾಲಿಕುರ್ಚಿಯ ಸಹಾಯವನ್ನು ಟಿಕೆಟ್ ತೆಗೆಯುವಾಗಲೇ ಕೇಳಿ. ಹಿರಿಯರಿಗೆ ಇಲ್ಲಿನ ಇಮಿಗ್ರೇಷನ್ ಸಾಲಿನಲ್ಲಿ ನಿಲ್ಲುವುದು ವಿಮಾನದಲ್ಲಿ ಕೂರುವುದಕ್ಕಿಂತ ಕಷ್ಟ.

ತೀರ್ಥಹಳ್ಳಿಯ ಓದುಗ:

ಎಲ್ಲರಿಗೂ ಕೃತಜ್ಞತೆಗಳು. ಅಪ್ಪನಿಗೆ ಓದಿ ಹೇಳಿದೆ. ನೇರ ವಿಮಾನ ಇದ್ದರೆ ಅದರಲ್ಲೇ, ಇಲ್ಲದಿದ್ದರೆ ಫ್ರಾಂಕ್‌ಫರ್ಟ್ ಮೂಲಕ ಎಂದು ತೀರ್ಮಾನವಾಯಿತು. ಅಮ್ಮನದು ಒಂದು ಪ್ರಶ್ನೆ ಇದೆ. ಅವರು ಬೆಳಿಗ್ಗೆ ಎಂಟಕ್ಕೆ ಬಿ.ಪಿ. ಮಾತ್ರೆ, ರಾತ್ರಿ ಎಂಟಕ್ಕೆ ಇನ್ನೊಂದು ಮಾತ್ರೆ ತೆಗೆದುಕೊಳ್ಳುತ್ತಾರೆ. ಅದೇ ದಿನ ಸಂಜೆ ಐದಕ್ಕೆ ಇಳಿದರೆ ಯಾವ ಎಂಟು ಗಂಟೆಯನ್ನು ಹಿಡಿಯಬೇಕು?

ಮೈಸೂರಿನ ವೈದ್ಯೆ:

ಹಾರಾಟದ ಉದ್ದಕ್ಕೂ ಕೈಗಡಿಯಾರವನ್ನು ಭಾರತದ ಸಮಯದಲ್ಲೇ ಬಿಟ್ಟು, ಅದರಂತೆ ಮಾತ್ರೆ ತೆಗೆದುಕೊಳ್ಳುವುದು ಸಾಮಾನ್ಯವಾಗಿ ಸರಳ. ಮಧ್ಯಾಹ್ನ ಎರಡೂವರೆಗೆ ಹೊರಟವರಿಗೆ ರಾತ್ರಿಯ ಮಾತ್ರೆ ಹಾರಾಟದ ಐದೂವರೆ ಗಂಟೆಯ ಹೊತ್ತಿಗೆ ಬರುತ್ತದೆ. ಬೆಳಗಿನದು ಬರುವುದು ಇಳಿದ ಒಂದೂವರೆ ಗಂಟೆಯ ಮೇಲೆ, ಅಂದರೆ ಅಲ್ಲಿನ ಚಳಿಗಾಲದ ಗಡಿಯಾರದಲ್ಲಿ ಸಂಜೆ ಆರೂವರೆಗೆ; ಆಗ ಅವರು ಇಮಿಗ್ರೇಷನ್ ಸಾಲಿನಲ್ಲೋ ಕಾರಿನಲ್ಲೋ ಇರಬಹುದು, ಆದ್ದರಿಂದ ಮಾತ್ರೆ ಕೈಚೀಲದಲ್ಲೇ ಇರಲಿ. ಅಂತರ ಹನ್ನೆರಡು ಗಂಟೆಯ ಹತ್ತಿರವೇ ಇರುವುದರಿಂದ ಅಮ್ಮನವರಿಗೆ ಒಂದು ಅನುಕೂಲವಿದೆ: ಇಲ್ಲಿನ ಬೆಳಗಿನ ಎಂಟು ಅಲ್ಲಿನ ಸಂಜೆಯಾಗುತ್ತದೆ, ಇಲ್ಲಿನ ರಾತ್ರಿ ಎಂಟು ಅಲ್ಲಿನ ಬೆಳಗಾಗುತ್ತದೆ. ಯಾವ ಮಾತ್ರೆಯನ್ನು ಅಲ್ಲಿನ ಬೆಳಿಗ್ಗೆಗೆ ಇಟ್ಟುಕೊಳ್ಳಬೇಕು, ಅದಲು ಬದಲು ಮಾಡುವಾಗ ಒಂದು ಹೊತ್ತು ಬಿಡಬೇಕೇ ಎಂಬುದು ಮಾತ್ರೆ ಯಾವುದು ಎಂಬುದರ ಮೇಲೆ ನಿಂತಿರುವುದರಿಂದ ಅದನ್ನು ಅವರನ್ನು ನೋಡುವ ವೈದ್ಯರೇ ಹೇಳಬೇಕು. ಇನ್ಸುಲಿನ್ ಇದ್ದರಂತೂ ಹೊರಡುವ ಮುನ್ನ ಕೇಳಿ, ಬರೆಸಿಕೊಂಡೇ ಹೋಗಿ. ಇಬ್ಬರಿಗೂ ವಿಮಾನದೊಳಗೆ ಓಡಾಡುವ ದಾರಿಗೆ ಹೊಂದಿಕೊಂಡ ಸೀಟು ಸಿಕ್ಕರೆ ಒಳ್ಳೆಯದು. ಇಷ್ಟು ಉದ್ದದ ಹಾರಾಟದಲ್ಲಿ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುವುದರಿಂದ ಗಂಟೆ, ಎರಡು ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಬೇಕು.